ಜೋಡಿಹಾಳ ಜಂಕ್ಷನ್ನಿನಲ್ಲಿ ಗಾಡಿ ತಡವಾಗುವುದಿಲ್ಲ

ಬಹಳ ಹಿಂದೆ, ಅಂದರೆ ಬೆಳಗಿನ ಪತ್ರಿಕೆ ಬೆಳಿಗ್ಗೆಯೇ ಮನೆಗೆ ಬರುತ್ತಿದ್ದ ಕಾಲದಲ್ಲಿ, ಒಂದು ರಾಜ್ಯವಿತ್ತು. ಅದನ್ನು ಭೂಪಟದಲ್ಲಿ ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೆ ನನಗೆ ನೋಟಿಸು ಬರುತ್ತದೆ.

ಆ ರಾಜ್ಯದ ನಟ್ಟನಡುವೆ ಜೋಡಿಹಾಳ ಎಂಬ ಊರಿತ್ತು. ಅಲ್ಲಿಗೆ ರೈಲು ಹೇಗೆ ಬಂತು ಎನ್ನುವುದಕ್ಕೆ ಎರಡು ಇತಿಹಾಸಗಳಿವೆ. ಆಸ್ಥಾನದ ಇತಿಹಾಸಕಾರರು ಬರೆದಿಟ್ಟಿರುವ ಪ್ರಕಾರ, ರಾಜವಂಶದ ಮೂಲಪುರುಷನ ಪಟ್ಟದಾನೆ ಅಲ್ಲಿ ಕೂತದ್ದು ಮತ್ತೆ ಏಳಲಿಲ್ಲ. ಆ ಪುಣ್ಯಸ್ಥಳದಲ್ಲಿ ಜಂಕ್ಷನ್ ತಾನೇ ತಾನಾಗಿ ಉದ್ಭವಿಸಿತು. ಊರವರು ಹೇಳುವುದು ಬೇರೆ. ಹಳಿ ಹಾಕುವ ಗುತ್ತಿಗೆ ಹಿಡಿದವರು ಇಬ್ಬರು ಬೀಗರು. ಒಬ್ಬ ಬಯಲುಸೀಮೆಯ ಕಡೆಯಿಂದ ಹಾಕುತ್ತ ಬಂದ, ಇನ್ನೊಬ್ಬ ಗುಡ್ಡದ ಕಡೆಯಿಂದ. ಮದುವೆಯೂಟದಲ್ಲಿ ಹೋಳಿಗೆಗೆ ತುಪ್ಪ ಬಡಿಸಲಿಲ್ಲವೆಂದು ಅಷ್ಟರಲ್ಲಿ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಜೋಡಿಹಾಳದ ಬಾವಿಯ ಹತ್ತಿರ ಬಂದಾಗ ಇವನು ಬಾವಿಯ ಈಚೆಗೆ ಹಳಿ ನಿಲ್ಲಿಸಿದ, ಅವನು ಆಚೆಗೆ ನಿಲ್ಲಿಸಿದ. ಯಾರು ಹೇಳಿದರೂ ಒಬ್ಬನೂ ಇನ್ನೊಬ್ಬನ ಕಡೆ ಒಂದು ಹೆಜ್ಜೆ ಮುಂದಿಡಲಿಲ್ಲ. ಆಗಿನ ಅರಸರು ಎರಡರ ನಡುವೆ ಒಂದು ಮೇಲ್ಸೇತುವೆ ಕಟ್ಟಿಸಿ, ಅದಕ್ಕೆ ಜಂಕ್ಷನ್ ಎಂದು ಹೆಸರಿಟ್ಟು, ತಾವೇ ಉದ್ಘಾಟಿಸಿ ಊಟ ಮಾಡಿಕೊಂಡು ಹೋದರು. ಎರಡನೆಯ ಇತಿಹಾಸವೇ ನಿಜವಿರಬೇಕು. ಅದರಲ್ಲಿ ಊಟದ ವಿಷಯ ಎರಡು ಸಲ ಬರುತ್ತದೆ.

ಹೀಗಾಗಿ ಬಯಲಿನಿಂದ ಗುಡ್ಡಕ್ಕೆ ಹೋಗುವವರು ಜೋಡಿಹಾಳದಲ್ಲಿ ಇಳಿದು, ಗಂಟುಮೂಟೆ ಹೊತ್ತು, ಸೇತುವೆ ಹತ್ತಿ ಇಳಿದು ಗುಡ್ಡದ ಗಾಡಿ ಹಿಡಿಯಬೇಕಿತ್ತು. ಎಲ್ಲರೂ ದಾಟುವವರೆಗೆ ಗುಡ್ಡದ ಗಾಡಿ ಕಾಯುತ್ತಿತ್ತು. ಇದಕ್ಕೊಂದು ಪದ್ಧತಿಯಿತ್ತು. ಸೇತುವೆಯಿಂದ ಕಟ್ಟಕಡೆಗೆ ಇಳಿದು ಬಂದವರು ಗಾರ್ಡಿನ ಹತ್ತಿರ ನಿಂತು, ನನ್ನ ಹಿಂದೆ ಯಾರೂ ಇಲ್ಲ ಎಂದು ಹೇಳಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಗಾರ್ಡು ಹಸಿರು ಬಾವುಟ ಎತ್ತಬೇಕು. ಮಂಡಿನೋವಿನ ಮುದುಕಿಯರು, ತೂಕದ ಟ್ರಂಕಿನವರು, ಮಕ್ಕಳನ್ನು ಕಂಕುಳಲ್ಲಿ ಕಟ್ಟಿಕೊಂಡವರು ಆ ಮಾತು ಹೇಳುವಾಗ ಒಂದು ಥರದ ದೊಡ್ಡಸ್ತಿಕೆ ಅನುಭವಿಸುತ್ತಿದ್ದರು. ಇಡೀ ಗಾಡಿಯೇ ತಮ್ಮ ಅಪ್ಪಣೆಗೆ ಕಾದಿತ್ತಲ್ಲ ಎಂದು. ಆ ರಾಜ್ಯದಲ್ಲಿ ಪ್ರಜೆಗಳ ಅಪ್ಪಣೆಗೆ ಕಾಯುತ್ತಿದ್ದದ್ದು ಅದೊಂದೇ ಗಾಡಿ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟು ನೆಮ್ಮದಿಯ ಪದ್ಧತಿ ಬಹಳ ಕಾಲ ಉಳಿಯುವುದು ಸಾಧ್ಯವಿರಲಿಲ್ಲ. ವಿಲಂಬಸೇನ ಮಹಾರಾಜರು ಪಟ್ಟಕ್ಕೆ ಬಂದರು.

ಮಹಾರಾಜರು ತಾಯಿಯ ಹೊಟ್ಟೆಯಲ್ಲಿ ಜೋಯಿಸರು ಹೇಳಿದ್ದಕ್ಕಿಂತ ಹೆಚ್ಚು ದಿನ ಕೂತಿದ್ದರಿಂದ ಅವರಿಗೆ ಆ ಹೆಸರು ಬಂದಿತ್ತು. ಅದು ಅವರ ಮನಸ್ಸಿನಲ್ಲಿ ಮುಳ್ಳಾಗಿತ್ತು. ಸಾಲದ್ದಕ್ಕೆ ಪಟ್ಟಾಭಿಷೇಕಕ್ಕೆ ನೆರೆರಾಜ್ಯದ ಅರಸ ಒಂದು ಗೋಡೆ ಗಡಿಯಾರ ಕಳುಹಿಸಿದ. ಅದನ್ನು ತಂದ ದೂತ ನಕ್ಕನೋ ಇಲ್ಲವೋ ಯಾರಿಗೂ ಖಚಿತವಿಲ್ಲ, ಮಹಾರಾಜರಿಗೆ ಮಾತ್ರ ನಕ್ಕಂತೆ ಕಂಡಿತು. ಅಂದಿನಿಂದ ತಮ್ಮ ರಾಜ್ಯದಲ್ಲಿ ಒಂದಾದರೂ ವಸ್ತು ಸಮಯಕ್ಕೆ ಸರಿಯಾಗಿ ನಡೆಯಲೇಬೇಕು ಎಂದು ಪಣ ತೊಟ್ಟರು. ಮಳೆಗೆ ಹೇಳಿ ನೋಡಿದರು, ಅದು ಕೇಳಲಿಲ್ಲ. ಮಂತ್ರಿಗಳಿಗೆ ಹೇಳುವ ಧೈರ್ಯವಾಗಲಿಲ್ಲ. ಉಳಿದದ್ದು ರೈಲು.

ರೈಲುಮಂತ್ರಿ ಶೀಘ್ರಾನಂದರು ಜೀವಮಾನದಲ್ಲಿ ರೈಲು ಹತ್ತಿದವರಲ್ಲ. ಇಲಾಖೆಯ ಬಗ್ಗೆ ಪೂರ್ವಗ್ರಹವಿಲ್ಲದ ವ್ಯಕ್ತಿ ಬೇಕೆಂದೇ ಅವರನ್ನು ಆರಿಸಲಾಗಿತ್ತು. ಅವರು ಜಂಕ್ಷನ್ನಿನ ಬಗ್ಗೆ ಆಳವಾದ ಅಧ್ಯಯನ ನಡೆಸಿ, ಪವರ್‌ಪಾಯಿಂಟ್ ಸಮೇತ ಆಸ್ಥಾನದಲ್ಲಿ ನಿವೇದಿಸಿಕೊಂಡರು.

"ಮಹಾಪ್ರಭು, ವ್ಯಾಧಿಯ ಮೂಲ ಪತ್ತೆಯಾಯಿತು. ಗಾಡಿ ತಡವಾಗುತ್ತಿರುವುದು ಪ್ರಯಾಣಿಕರಿಗಾಗಿ ಕಾಯುವುದರಿಂದ."

"ಕಾಯದಿದ್ದರೆ?"

"ತಡವಾಗುವುದಿಲ್ಲ."

ಸಭೆ ಈ ತರ್ಕದ ಮುಂದೆ ತಲೆಬಾಗಿತು. ಆಸ್ಥಾನ ಕವಿಗಳು ಅಲ್ಲಿಯೇ ಒಂದು ಕಂದಪದ್ಯ ರಚಿಸಿ, ಕಾಲಪುರುಷನೇ ಶೀಘ್ರಾನಂದರ ರೂಪದಲ್ಲಿ ಅವತರಿಸಿದ್ದಾನೆಂದು ಹಾಡಿದರು. ಇನ್ನು ಮುಂದೆ ಗುಡ್ಡದ ಗಾಡಿ ಯಾರಿಗೂ ಕಾಯತಕ್ಕದ್ದಲ್ಲವೆಂದು ಅಂದೇ ಫರ್ಮಾನು ಹೊರಟಿತು.

ಸಮಯಕ್ಕೆ ಹೊರಡುವುದೆಂದರೆ ಸಾಮಾನ್ಯ ಸಂಗತಿಯೇ? ಅದಕ್ಕೆ ತಕ್ಕ ಸಮಾರಂಭ ಬೇಕಲ್ಲ. ಪ್ರತಿದಿನ ಗಾಡಿ ಹೊರಡುವ ಮುನ್ನ ಬ್ಯಾಂಡಿನವರು ರಾಜ್ಯಗೀತೆ ನುಡಿಸಬೇಕು, ಅಧಿಕಾರಿಯೊಬ್ಬರು ಬೆಳ್ಳಿಯ ಹಿಡಿಯ ಬಾವುಟ ಬೀಸಬೇಕು, ಅರಮನೆಗೆ ಅದರ ನೇರಪ್ರಸಾರ ಹೋಗಬೇಕು ಎಂದು ತೀರ್ಮಾನವಾಯಿತು. ಸಮಾರಂಭದ ಹೊತ್ತಿನಲ್ಲಿ ಇನ್ನೊಂದು ಗಾಡಿ ಗಡಗಡ ಎಂದು ಬಂದರೆ ರಾಜ್ಯಗೀತೆಗೆ ಅವಮಾನ. ಆದ್ದರಿಂದ ಬಯಲಿನ ಗಾಡಿಯನ್ನು ಊರ ಹೊರಗಿನ ಸಿಗ್ನಲ್ಲಿನಲ್ಲಿ ನಿಲ್ಲಿಸುವ ಏರ್ಪಾಡಾಯಿತು. ಅದು ಮುಂಚಿತವಾಗಿಯೇ ಬಂದು ಅಲ್ಲಿ ನಿಂತಿರುತ್ತಿತ್ತು. ಒಳಗಿದ್ದವರು ಕಿಟಕಿಯಿಂದ ಕುತ್ತಿಗೆ ಹೊರಹಾಕಿ, ತಾವು ಹತ್ತಬೇಕಾದ ಗಾಡಿ ಬ್ಯಾಂಡು ಬಾರಿಸಿಕೊಂಡು ಹೊರಟುಹೋಗುವುದನ್ನು ಕಣ್ಣಾರೆ ನೋಡುತ್ತಿದ್ದರು.

ಗುಡ್ಡದ ಗಾಡಿಯ ಗಾರ್ಡು ನಿಂಗೋಜಿ ಎಂಬಾತ ಹಳೆಯ ಕಾಲದವನು. ಅವನು ಒಂದು ದಿನ ಪರಿಶೀಲನೆಗೆ ಬಂದಿದ್ದ ಮಂತ್ರಿಗಳಿಗೆ ಕೈಮುಗಿದು, "ಸಾಹೇಬ್ರ, ಬಯಲಿನ ಗಾಡಿ ಅಲ್ಲೇ ಕಣ್ಣಿಗೆ ಕಾಣಾಕತ್ತೈತ್ರಿ. ಮಂದಿ ಇಳದು ಬರ್ಲಿ, ಆಮ್ಯಾಲ ಬಿಡೂಣು" ಎಂದ.

"ಕಾಣುವುದು ಬೇರೆ, ಬರುವುದು ಬೇರೆ" ಎಂದರು ಶೀಘ್ರಾನಂದರು. ನಿಂಗೋಜಿಯನ್ನು ಸಮಯಪ್ರಜ್ಞೆಯ ತರಬೇತಿ ಶಿಬಿರಕ್ಕೆ ಕಳುಹಿಸಲಾಯಿತು.

ಮೊದಮೊದಲು ಇದರಿಂದ ಅಂಥ ಅನಾಹುತವೇನೂ ಆಗಲಿಲ್ಲ. ಇಂದು ತಪ್ಪಿಸಿಕೊಂಡವರು ನಾಳೆಯ ಗಾಡಿಗೆ ಹತ್ತುತ್ತಿದ್ದರು. ಆದರೆ ಒಂದು ದಿನ ಭಜನಾ ಮಂಡಳಿಯವನೊಬ್ಬನ ಹಾರ್ಮೋನಿಯಂ ಬಾಗಿಲಲ್ಲಿ ಸಿಕ್ಕಿಕೊಂಡು, ಅದನ್ನು ಬಿಡಿಸುವಷ್ಟರಲ್ಲಿ ಗಾಡಿ ತುಸು ತಡವಾಯಿತು. ನೇರಪ್ರಸಾರದಲ್ಲಿ ಮಹಾರಾಜರೂ ಅದನ್ನು ನೋಡಿಬಿಟ್ಟರು. ಅವರು ಆ ದಿನ ಊಟ ಮಾಡಲಿಲ್ಲ, ಬರೀ ಫಲಾಹಾರ.

ಉನ್ನತಮಟ್ಟದ ಸಮಿತಿಯೊಂದು ರಚನೆಯಾಯಿತು. ಅದು ಕಂಡುಹಿಡಿದ ಸತ್ಯ ಇದು: ಗಾಡಿ ಜನರಿಗೆ ಕಾಯುವುದರಿಂದ ಮಾತ್ರವಲ್ಲ, ಜನ ಗಾಡಿ ಹತ್ತುವುದರಿಂದಲೂ ವಿಳಂಬ ಉಂಟಾಗುತ್ತದೆ. ಎರಡನೆಯ ಫರ್ಮಾನು ಹೊರಟಿತು. ಹೊರಡುವ ಸಮಾರಂಭಕ್ಕೆ ಮೊದಲೇ ಗಾಡಿಯ ಬಾಗಿಲುಗಳಿಗೆ ಬೀಗ ಹಾಕಬೇಕು. ಪ್ಲಾಟ್‌ಫಾರ್ಮಿನ ಮೇಲೆ ಪ್ರಯಾಣಿಕರು ನಿಲ್ಲಬಾರದು. ಮರುದಿನದಿಂದ ಗುಡ್ಡದ ಗಾಡಿ ಜೋಡಿಹಾಳದಿಂದ ಖಾಲಿಯಾಗಿ, ಶುಭ್ರವಾಗಿ, ಗಡಿಯಾರದ ಮುಳ್ಳಿಗೆ ಸರಿಯಾಗಿ ಹೊರಡತೊಡಗಿತು. ಗುಡ್ಡದ ಮೇಲಿನ ಊರುಗಳಲ್ಲಿ ಸಮಾರಂಭವಿಲ್ಲದ್ದರಿಂದ ಅಲ್ಲಿನ ಜನ ಹತ್ತಿಕೊಂಡು ಕೆಳಗೆ ಬರುತ್ತಿದ್ದರು. ಬರಲು ಅಡ್ಡಿಯಿರಲಿಲ್ಲ, ಹಿಂದಿರುಗಲು ಮಾತ್ರ ಇತ್ತು.

ಇಂಥ ಸುವರ್ಣಯುಗದಲ್ಲಿ ಸಂಕವ್ವ ಜೋಡಿಹಾಳದಲ್ಲಿ ಇಳಿದಳು.

ಸಂಕವ್ವ ಬಯಲಿನ ಕಡೆಯವಳು. ಮಗಳು ಕಸ್ತೂರಿಯನ್ನು ಗುಡ್ಡದ ಮೇಲಿನ ಊರಿಗೆ ಕೊಟ್ಟಿದ್ದಳು. ಮೊದಲನೆಯ ಬಾಣಂತನ ತವರಿನಲ್ಲೇ ಆಗಿತ್ತು, ಆ ಕೂಸು ಪಾರಿಗೆ ಈಗ ಓಡಾಡುವ ವಯಸ್ಸು. ಕಸ್ತೂರಿಗೆ ಮತ್ತೆ ದಿನ ತುಂಬಿತ್ತು. ಅತ್ತೆ ತೀರಿಕೊಂಡ ಮನೆ, ಬಾಣಂತನಕ್ಕೆ ಹೆಣ್ಣುದಿಕ್ಕಿಲ್ಲ. ಹೆರಿಗೆಗೆ ಮೊದಲೇ ಮುಟ್ಟುತ್ತೇನೆ ಎಂದು ಸಂಕವ್ವ ಮಾತು ಕೊಟ್ಟಿದ್ದಳು. ಅವಳ ಗಂಟಿನಲ್ಲಿ ಅಂಟಿನುಂಡೆ, ಬಜೆ ಬೇರು, ಹಳೆಯ ಮೆತ್ತನೆಯ ಸೀರೆಗಳು, ಹುಟ್ಟುವ ಕೂಸಿಗೆಂದು ತಾನೇ ಕೈಯಾರೆ ಹೊಲಿದ ಕೆಂಪು ಕುಲಾಯಿ ಇದ್ದವು.

ಅವಳು ಇಳಿದಾಗ ಗುಡ್ಡದ ಗಾಡಿಯ ಬಾಲ ಕಾಣುತ್ತಿತ್ತು. ನಾಳೆ ಹೋದರಾಯಿತು ಎಂದುಕೊಂಡಳು. ಮರುದಿನ ಕಾವಲಿನವರ ಕಣ್ಣು ತಪ್ಪಿಸಿ ಓಡಿಹೋಗಿ ಡಬ್ಬಿಯ ಹಿಡಿಕೆಯನ್ನೂ ಹಿಡಿದಳು. ಬಾಗಿಲು ತೆರೆಯಲಿಲ್ಲ. ತರಬೇತಿ ಮುಗಿಸಿ ಬಂದಿದ್ದ ನಿಂಗೋಜಿ ಅವಳನ್ನು ನೋಡಿ ಮುಖ ಆಚೆ ತಿರುಗಿಸಿದ. ಬ್ಯಾಂಡಿನವರು ಒಂದು ಸ್ವರವನ್ನೂ ತಪ್ಪಿಸಲಿಲ್ಲ.

ಗುಡ್ಡಕ್ಕೆ ಬೇರೆ ದಾರಿಯಿರಲಿಲ್ಲವೇ ಎಂದು ಕೇಳುತ್ತೀರಿ. ಒಂದು ರಸ್ತೆಯಿತ್ತು. ಅದನ್ನು ಅಗಲಗೊಳಿಸಲೆಂದು ಹಿಂದಿನ ಅರಸರ ಕಾಲದಲ್ಲಿ ಅಗೆದವರು, ಅಗೆದದ್ದೇ ದೊಡ್ಡ ಸಾಧನೆಯೆಂದು ಬಹುಮಾನ ಪಡೆದು ಮನೆಗೆ ಹೋಗಿದ್ದರು. ಬಯಲಿಗೆ ಹಿಂದಿರುಗುವುದಕ್ಕೆ ಅಡ್ಡಿಯಿರಲಿಲ್ಲ, ಕೆಲವರು ಹಿಂದಿರುಗಿದರು ಕೂಡ. ಆದರೆ ಗುಡ್ಡದ ಮೇಲೆ ತುಂಬು ಬಸುರಿ ಮಗಳಿರುವವಳು ಬಯಲಿಗೆ ಹೋಗಿ ಏನು ಮಾಡಬೇಕು? ನನಗಂತೂ ಉತ್ತರ ಹೊಳೆಯುವುದಿಲ್ಲ. ಶೀಘ್ರಾನಂದರನ್ನು ಕೇಳಿದ್ದರೆ ಹೊಳೆಯುತ್ತಿತ್ತೇನೋ.

ಜೋಡಿಹಾಳದಲ್ಲಿ ಹೀಗೆ ಜನ ಕೂಡುತ್ತಾ ಹೋದರು. ಸರ್ಕಾರ ಕಲ್ಲುಮನಸ್ಸಿನದಲ್ಲ. ಕಾಯುವ ಪ್ರಜೆಗಳಿಗೆ ಸೌಕರ್ಯ ಒದಗಿಸುವ ಕೆಲಸ ಯುದ್ಧೋಪಾದಿಯಲ್ಲಿ ಶುರುವಾಯಿತು. ಅಮೃತಶಿಲೆಯ ನಿರೀಕ್ಷಣಾ ಮಂದಿರ ಎದ್ದಿತು. ಅದರ ಮುಂಭಾಗಕ್ಕೆ ಪೂರ್ತಿ ಗಾಜು: ಒಳಗಿನವರಿಗೆ ಪ್ಲಾಟ್‌ಫಾರ್ಮು ಕಾಣುತ್ತದೆ, ಹೊರಗಿನವರಿಗೆ ತಮ್ಮ ಮುಖವೇ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಸಮಾರಂಭದ ವೇಳೆ ಅದರ ಬಾಗಿಲಿಗೂ ಬೀಗ. ಒಳಗೆ ವೈಫೈ, ಕಾಲೊತ್ತುವ ಕುರ್ಚಿ, ಮಾತಾಡುವ ತೂಕದ ಯಂತ್ರ, ಸೆಲ್ಫಿ ತೆಗೆಸಿಕೊಳ್ಳಲು ಮಹಾರಾಜರ ರಟ್ಟಿನ ಆಕೃತಿ. ಸೇತುವೆಗೆ ಎಸ್ಕಲೇಟರ್ ಬಂತು. ಹತ್ತುವ ಕಡೆಗೆ ಮಾತ್ರ, ಏಕೆಂದರೆ ಇಳಿಯುವ ಕಡೆ ಈಗ ಯಾರಿಗೂ ಕೆಲಸವಿರಲಿಲ್ಲ. ಮೂತ್ರಾಲಯದ ಬಾಗಿಲು ತನ್ನಷ್ಟಕ್ಕೆ ತಾನೇ ತೆರೆದು, ತನಗೆ ಬೇಕಾದಾಗ ಮುಚ್ಚಿಕೊಳ್ಳುತ್ತಿತ್ತು.

ಸಂಕವ್ವ ಇದನ್ನೆಲ್ಲ ನೋಡಿದಳು, ನೋಡಲು ಬೇರೆ ಏನೂ ಇರಲಿಲ್ಲ. ಪಕ್ಕದಲ್ಲಿ ಕೂತವರಿಗೆಲ್ಲ ಕಸ್ತೂರಿಯ ದಿನಗಳ ಲೆಕ್ಕ ಹೇಳುತ್ತಿದ್ದಳು. ಅಂಟಿನುಂಡೆಗೆ ಇರುವೆ ಹತ್ತದಂತೆ ಗಂಟನ್ನು ದಿನಕ್ಕೊಂದು ಕಡೆ ಇಡುತ್ತಿದ್ದಳು.

ಅತ್ತ ಪರದೇಶದ ಸಲಹಾ ಸಂಸ್ಥೆಯೊಂದು ಜಂಕ್ಷನ್ನಿನ ಸಮೀಕ್ಷೆ ನಡೆಸಿ ವರದಿ ಕೊಟ್ಟಿತು. ಸಮಯಪಾಲನೆ ಪರಿಪೂರ್ಣವಾಗಿದೆ. ಗಾಡಿಯೊಳಗೆ ಕಸವಿಲ್ಲ, ನೂಕುನುಗ್ಗಲಿಲ್ಲ, ದೂರುಗಳಿಲ್ಲ. ಇನ್ನು ಜೋಡಿಹಾಳಕ್ಕೆ ಒಮ್ಮೆ ಬಂದ ಗುಡ್ಡದ ಪ್ರಯಾಣಿಕರು ಅಲ್ಲಿಂದ ಕದಲುವ ಲಕ್ಷಣವೇ ಕಾಣುತ್ತಿಲ್ಲ, ಇದು ಗ್ರಾಹಕತೃಪ್ತಿಯ ಪರಾಕಾಷ್ಠೆ. ವರದಿ ಓದಿ ಮಹಾರಾಜರ ಕಣ್ಣು ತೇವವಾಯಿತು. ಇಷ್ಟೊಂದು ಪ್ರೀತಿಸುವ ಪ್ರಜೆಗಳನ್ನು ಕಣ್ಣಾರೆ ಕಾಣಬೇಕೆಂದು ಅವರು ಜೋಡಿಹಾಳಕ್ಕೆ ದಯಮಾಡಿಸಿದರು.

ಮಂದಿರದಲ್ಲಿ ಅತ್ಯಂತ ದೀರ್ಘಕಾಲ ನೆಲೆಸಿದವರ ಪೈಕಿ, ನೋಡಲೂ ಲಕ್ಷಣವಾಗಿದ್ದಾಳೆಂದು ಸಂಕವ್ವನನ್ನು ಆದರ್ಶ ಪ್ರಯಾಣಿಕೆಯಾಗಿ ಆರಿಸಲಾಯಿತು. ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮಹಾರಾಜರು ಕೇಳಿದರು.

"ತಾಯೇ, ನಿಮಗೆ ಇನ್ನೇನು ಬೇಕು? ಸಂಕೋಚವಿಲ್ಲದೆ ಬೇಡಿಕೊಳ್ಳಿ."

ಸಂಕವ್ವ ಶಾಲನ್ನು ಮಡಚಿ ಗಂಟಿನ ಮೇಲಿಟ್ಟಳು. "ನನಗೇನೂ ಬ್ಯಾಡ್ರಿ ಧಣೇರ. ಮಗಳು ದಿನ ತುಂಬಿ ಕುಂತಾಳ. ನಾಳೆ ಗಾಡಿ ಒಂದೀಟ ನಿಲ್ಲಸ್ರಿ, ನಾ ಹತ್ತೂತನಕ."

ನಿಜ ಹೇಳಬೇಕೆಂದರೆ ಮಹಾರಾಜರ ಮನಸ್ಸು ಕರಗಿತು. ಅವರು ಕೆಟ್ಟವರಲ್ಲ, ಅವರಿಗೆ ಯಾವುದು ಯಾವುದಕ್ಕೆ ಸಂಬಂಧಪಟ್ಟಿದೆಯೆಂದು ತಿಳಿಯುತ್ತಿರಲಿಲ್ಲ, ಅಷ್ಟೇ. ನಿಲ್ಲಿಸೋಣವೇ ಎಂಬಂತೆ ಅವರು ಮಂತ್ರಿಗಳ ಮುಖ ನೋಡಿದರು. ಶೀಘ್ರಾನಂದರು ಕಿವಿಯ ಹತ್ತಿರ ಬಾಗಿ, ನೆರೆರಾಜ್ಯದ ದೂತ ಊರಿನಲ್ಲೇ ಇದ್ದಾನೆ, ಗಾಡಿ ಒಂದು ದಿನ ತಡವಾದರೂ ಗಡಿಯಾರದ ಕಥೆ ಮತ್ತೆ ಹೊಸದಾಗುತ್ತದೆ ಎಂದರು. ಮಹಾರಾಜರು ಬಹಳ ಹೊತ್ತು ಯೋಚಿಸಿ ಮಧ್ಯಮಾರ್ಗವೊಂದನ್ನು ಕಂಡುಕೊಂಡರು. ಪ್ಲಾಟ್‌ಫಾರ್ಮಿನ ಮೇಲೆ, ಗಾಡಿಯ ಬಾಗಿಲಿಗೆ ತೀರಾ ಸಮೀಪದಲ್ಲಿ, ಗಂಟು ಹಿಡಿದ ಸಂಕವ್ವನ ಕಂಚಿನ ಪ್ರತಿಮೆ ನಿಲ್ಲಿಸಬೇಕೆಂದು ಆಜ್ಞಾಪಿಸಿದರು. ಪ್ರತಿಮೆ ಅಲ್ಲಿ ನಿಂತರೆ ಸಮಯಪಾಲನೆಗೆ ಧಕ್ಕೆಯಿರಲಿಲ್ಲ, ಅದು ಗಾಡಿ ಹತ್ತಲು ನೋಡುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಸಂಕವ್ವನಿಗೆ ಅರ್ಥವಾಗಲಿಲ್ಲ, ನಾಳೆ ಗಾಡಿ ನಿಲ್ಲುತ್ತದೆಯೆಂದೇ ತಿಳಿದು ಅವಳೂ ತಟ್ಟಿದಳು.

ಗಾಡಿ ನಿಲ್ಲಲಿಲ್ಲ. ಕೆಲವು ದಿನಗಳಾದ ಮೇಲೆ ಗುಡ್ಡದಿಂದ ಬಂದ ಗಾಡಿಯಲ್ಲಿ ಅಳಿಯ ಫಕೀರಪ್ಪ ಇಳಿದ. ಕಸ್ತೂರಿಗೆ ಹೆಣ್ಣುಕೂಸು ಹುಟ್ಟಿದೆ, ಕೂಸು ಚೆನ್ನಾಗಿದೆ, ಬಾಣಂತಿಗೆ ಮಾತ್ರ ಶಕ್ತಿಯಿಲ್ಲ, ಪಕ್ಕದ ಮನೆಯವರು ಎರಡು ಹೊತ್ತು ಅಂಬಲಿ ಕಾಸಿ ಕೊಡುತ್ತಿದ್ದಾರೆ, ಅವ್ವ ಯಾಕೆ ಬರಲಿಲ್ಲ ಅಂತ ಅಳುತ್ತಾಳೆ ಎಂದು ಹೇಳಿದ. ಅತ್ತೆಯನ್ನು ಕರೆದುಕೊಂಡು ಅದೇ ಗಾಡಿಗೆ ಹಿಂದಿರುಗುವ ಲೆಕ್ಕ ಅವನದು. ಸಂಕವ್ವ ಹಣೆ ಹಣೆ ಬಡಿದುಕೊಂಡಳು.

"ನೀವ್ಯಾಕ ಬಂದ್ರಿ ಅಳ್ಯಾರ? ಈಗ ಅಕಿಗೆ ನೀವೂ ಇಲ್ದಂಗಾತು."

ಫಕೀರಪ್ಪ ಆ ದಿನ ಕಾವಲಿನವರ ಜೊತೆ ಜಗಳವಾಡಿದ, ಮರುದಿನ ಕಾಲು ಹಿಡಿದ, ಆಮೇಲೆ ಎಲ್ಲರಂತೆ ಕಾಲೊತ್ತುವ ಕುರ್ಚಿಯಲ್ಲಿ ಕೂತ. ಅವನ ಸೇರ್ಪಡೆಯನ್ನು ಜಂಕ್ಷನ್ನಿನ ಬೆಳೆಯುತ್ತಿರುವ ಜನಪ್ರಿಯತೆಯ ಲೆಕ್ಕಕ್ಕೆ ಹಿಡಿಯಲಾಯಿತು.

ಕೊನೆಗೆ ಆ ಮಹಾದಿನ ಬಂತು. ಸಲಹಾ ಸಂಸ್ಥೆಯವರು ಜೋಡಿಹಾಳವನ್ನು ಭೂಮಂಡಲದ ಅತ್ಯಂತ ಸಮಯನಿಷ್ಠ ಜಂಕ್ಷನ್ ಎಂದು ಘೋಷಿಸಿ, ಕಾಲಚಕ್ರವರ್ತಿ ಎಂಬ ಬಿರುದನ್ನೂ ಗಡಿಯಾರದ ಮುಳ್ಳುಗಳನ್ನು ಕೂಡಿಸಿ ಮಾಡಿದ ಕಿರೀಟವನ್ನೂ ಮಹಾರಾಜರಿಗೆ ಅರ್ಪಿಸುವವರಿದ್ದರು. ಕಿರೀಟ ಧರಿಸಿದ ಮೇಲೆ ಮಹಾರಾಜರು ಗುಡ್ಡದ ಗಾಡಿಯಲ್ಲಿ ಸ್ವತಃ ಪ್ರಯಾಣ ಮಾಡುವರೆಂದು ಎಲ್ಲ ಕಡೆ ಬ್ಯಾನರ್ ಕಟ್ಟಿದ್ದರು. ನೆರೆರಾಜ್ಯದ ದೂತನಿಗೆ ಮೊದಲ ಸಾಲಿನಲ್ಲಿ ಕುರ್ಚಿ. ಈ ಸಲ ಅವನು ನಗಲಿಲ್ಲ, ಅಥವಾ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

ಆ ದಿನ ಬೆಳಿಗ್ಗೆ ಗುಡ್ಡದ ಗಾಡಿ ಬಂದಾಗ ಅದರಿಂದ ಕಸ್ತೂರಿ ಇಳಿದಳು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು, ಎದೆಗೆ ಕೂಸನ್ನು ಅವಚಿಕೊಂಡಿದ್ದಳು. ಅವ್ವ ಬರಲಿಲ್ಲ, ಕರೆಯಲು ಹೋದ ಗಂಡನೂ ಬರಲಿಲ್ಲ. ಇನ್ನು ಕಳುಹಿಸಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕಾವಲಿನವರು ಸಮಾರಂಭದ ಅವಸರದಲ್ಲಿ ಅವಳನ್ನು ಉಳಿದವರ ಜೊತೆ ಗಾಜಿನ ಮಂದಿರದೊಳಗೆ ದೂಡಿ ಬೀಗ ಹಾಕಿದರು. ಸಂಕವ್ವ ಮಗಳ ಮುಖ ಸವರಿದಳು, ಮೊಮ್ಮಗಳನ್ನು ಎತ್ತಿಕೊಂಡಳು, ಗಂಟು ಬಿಚ್ಚಿ ಕೆಂಪು ಕುಲಾಯಿ ತೆಗೆದು ಅದರ ತಲೆಗೆ ಇಟ್ಟಳು. ಆಗಲೇ ಚಿಕ್ಕದಾಗಿತ್ತು. ಅವಳು ಗೋಳೋ ಎಂದು ಅತ್ತಳು, ಫಕೀರಪ್ಪನೂ ಅತ್ತ. ಬ್ಯಾಂಡಿನ ಸದ್ದಿನಲ್ಲಿ ಅದು ಹೊರಗೆ ಕೇಳಿಸಲಿಲ್ಲ.

ಹೊರಗೆ ಮಹಾರಾಜರು ಕಿರೀಟ ಧರಿಸಿ, ಸಂಕವ್ವನ ಪ್ರತಿಮೆಯ ಪರದೆ ಸರಿಸಿ, ಅದಕ್ಕೆ ಹಾರ ಹಾಕಿ, ಗಾಡಿಯತ್ತ ನಡೆದರು. ಅವರಿಗಾಗಿ ಒಂದು ಬಾಗಿಲ ಬೀಗ ತೆಗೆಯಲಾಗಿತ್ತು. ಬಹಳ ಕಾಲದ ಮೇಲೆ ಆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಪ್ರಯಾಣಿಕ ಗಾಡಿ ಹತ್ತುತ್ತಿರುವುದನ್ನು ಕಂಡು ಗಾರ್ಡು ನಿಂಗೋಜಿಗೆ ತರಬೇತಿ ಮರೆತುಹೋಯಿತು. ಹಳೆಯ ಅಭ್ಯಾಸ ಬಾಯಿಗೆ ಬಂತು.

"ನಿಮ್ಮ ಹಿಂದ ಇನ್ನ ಯಾರರ ಅದಾರೇನ್ರಿ?"

ಅಧಿಕಾರಿಗಳು ಬೆಚ್ಚಿದರು. ಶೀಘ್ರಾನಂದರು ಮಾತ್ರ ಸಮಯಸ್ಫೂರ್ತಿಯಿಂದ, ಇದು ಈ ಜಂಕ್ಷನ್ನಿನ ಪುರಾತನ ಪರಂಪರೆ, ಕಡೆಯ ಪ್ರಯಾಣಿಕರು ಉತ್ತರ ಕೊಟ್ಟ ಮೇಲೆ ಗಾಡಿ ಹೊರಡುವುದು ವಾಡಿಕೆ ಎಂದು ವಿವರಿಸಿದರು. ಮಹಾರಾಜರಿಗೆ ಪರಂಪರೆಯೆಂದರೆ ಪಂಚಪ್ರಾಣ. ಅವರು ಮೆಟ್ಟಿಲ ಮೇಲೆ ನಿಂತು ಸಾವಧಾನವಾಗಿ ಹಿಂದಿರುಗಿ ನೋಡಿದರು. ಪ್ಲಾಟ್‌ಫಾರ್ಮು ತೊಳೆದಿಟ್ಟಂತಿತ್ತು. ಕಂಚಿನ ಹೆಂಗಸೊಬ್ಬಳನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅದರಾಚೆಗೆ ಗಾಜಿನ ಗೋಡೆ. ಅದರಲ್ಲಿ ಕಿರೀಟ ಧರಿಸಿದ ಒಬ್ಬ ಭವ್ಯ ಪುರುಷ ಕಾಣಿಸುತ್ತಿದ್ದ. ಮಹಾರಾಜರು ಅವನನ್ನು ನೋಡಿ ಕಿರೀಟ ಸರಿಪಡಿಸಿಕೊಂಡರು.

"ನಮ್ಮ ಹಿಂದೆ ಯಾರೂ ಇಲ್ಲ" ಎಂದರು.

ನಿಂಗೋಜಿ ಒಮ್ಮೆ ಗಾಜಿನ ಕಡೆ ನೋಡಿದ. ಒಳಗೆ ಎಷ್ಟು ಜನರಿದ್ದಾರೆಂದು ಅವನಿಗೆ ಗೊತ್ತಿತ್ತು. ಅವನಿಗೂ ಸಂಸಾರವಿತ್ತು. ಬಾವುಟ ಎತ್ತಿದ. ಗಾಡಿ ಸರಿಯಾದ ಸಮಯಕ್ಕೆ ಹೊರಟಿತು.

ಗಾಜಿನ ಒಳಗಡೆ ಸಂಕವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಗಾಡಿ ಕಣ್ಣಿಗೆ ಮರೆಯಾಗುವವರೆಗೆ ನೋಡಿದಳು. ಆಮೇಲೆ ಏನೋ ನೆನಪಾಗಿ ಮಗಳತ್ತ ತಿರುಗಿದಳು.

"ಕಸ್ತೂರಿ, ಪಾರಿ ಎಲ್ಲೈತವಾ?"

"ಬಾಜೂ ಮನ್ಯಾಗ ಬಿಟ್ಟ ಬಂದೀನಿ" ಎಂದಳು ಕಸ್ತೂರಿ. "ಅಜ್ಜೀನ್ನ, ಅಪ್ಪನ್ನ ಕರಕೊಂಡು ಸಂಜಿಕ್ಕ ಬರ್ತೀನಿ, ಸ್ಟೇಶನ್ನಿಗೆ ಬಂದು ನಿಂದರು ಅಂತ ಹೇಳೀನಿ."

ಆ ಹೊತ್ತಿಗೆ ಧ್ವನಿವರ್ಧಕ ಗಂಟಲು ಸರಿಪಡಿಸಿಕೊಂಡಿತು. ಗುಡ್ಡದ ಗಾಡಿ ನಿಗದಿತ ಸಮಯಕ್ಕೆ ನಿರ್ಗಮಿಸಿದೆ, ಸಹಕರಿಸಿದ ಎಲ್ಲ ಪ್ರಯಾಣಿಕರಿಗೂ ಕಾಲಚಕ್ರವರ್ತಿಗಳ ಪರವಾಗಿ ಕೃತಜ್ಞತೆಗಳು, ಮಂದಿರದಲ್ಲಿ ನೆಲೆಸಿರುವವರು ಕಿರೀಟದ ಬಾಬ್ತು ಇಂದಿನಿಂದ ಜಾರಿಗೆ ಬಂದಿರುವ ಸಮಯಪಾಲನಾ ಸುಂಕವನ್ನು ಬಲಬದಿಯ ಕೌಂಟರಿನಲ್ಲಿ ಪಾವತಿಸಿ ರಸೀದಿ ಪಡೆಯತಕ್ಕದ್ದು ಎಂದು ಅದು ಹೇಳಿತು. ಹೊಸದಾಗಿ ಹುಟ್ಟಿದವರಿಗೆ ಅರ್ಧ ದರ.